ರಜೆಯ ಹಾಯ್ಕು

ಹಪ್ಪಳ ಚಾಪೆ
ಕಾಗೆ ಕಾಯುವ ಅಜ್ಜಿ
ನಿದ್ದೆ ಹೋದಳು

ಇವತ್ತಿನ ಹಾಯ್ಕು ಇದು. ಸ್ಟೇಟಸ್‌ಗೆ ಹಾಕಿದ ಕೂಡಲೇ ಅತ್ತೆಯ ಮೆಸೇಜ್: "ಚೆನ್ನಾಗಿದೆ ಪುಟ್ಟಾ, ಉಳಿದದ್ದು ಯಾವಾಗ ಹಾಕ್ತೀಯ?" ಉಳಿದದ್ದು ಇಲ್ಲ ಅತ್ತೆ, ಅಷ್ಟೇ! ಹಾಯ್ಕು ಅಂದ್ರೆ ಜಪಾನಿನಿಂದ ಬಂದ ಮೂರೇ ಸಾಲಿನ ಕವಿತೆ, ಸಾಲುಗಳಲ್ಲಿ ಕ್ರಮವಾಗಿ ಐದು, ಏಳು, ಐದು ಅಕ್ಷರ. ಅಜ್ಜಿಗಂತೂ ಇನ್ನೂ ತೋರಿಸಿಲ್ಲ.

ಬೇಸಿಗೆ ರಜೆಯಲ್ಲಿ ಕೂತಲ್ಲಿ ನಿಂತಲ್ಲಿ ಬೆರಳು ಮಡಚಿ ಅಕ್ಷರ ಎಣಿಸೋದೇ ಕೆಲಸ ಆಗಿದೆ. ಒತ್ತಕ್ಷರದ್ದು ತಕರಾರಿಲ್ಲ, 'ಜ್ಜಿ' ಅಂದ್ರೆ ಒಂದೇ. ಆದರೆ 'ಫೋನ್' ಒಂದೋ ಎರಡೋ? ಜಪಾನಿ ಲೆಕ್ಕದಲ್ಲಿ ಕೊನೆಯ 'ನ್'ಗೂ ಒಂದು ಎಣಿಕೆ ಸಿಗುತ್ತದೆ. ನಾನು ಮಾತ್ರ ಅದನ್ನು ಬಿಟ್ಟುಬಿಡ್ತೀನಿ. ಬೇಕಾದಾಗ 'ಫೋನು' ಮಾಡ್ಕೊಳ್ತೀನಿ, ಕನ್ನಡದಲ್ಲಿ ಆ ಅನುಕೂಲ ಇದೆಯಲ್ಲ.

ನನಗೆ ಜಾಸ್ತಿ ಇಷ್ಟ ಆಗಿದ್ದು ಋತುವಿನ ವಿಷಯ. ಹಳೇ ಪದ್ಧತಿಯ ಹಾಯ್ಕುವಿನಲ್ಲಿ ಕಾಲವನ್ನು ಸೂಚಿಸುವ ಒಂದು ಪದ ಇರಲೇಬೇಕು. ಜಪಾನಿನ ಕವಿ ಬಾಶೋ 1686ರಲ್ಲಿ ಬರೆದ, ಹಳೆಯ ಕೊಳಕ್ಕೆ ಕಪ್ಪೆ ಹಾರುವ ಹಾಯ್ಕು ಇದೆಯಲ್ಲ, ಅದರಲ್ಲಿ ಕಪ್ಪೆಯೇ ಆ ಪದ. ಅಲ್ಲಿ ಕಪ್ಪೆ ಅಂದ್ರೆ ವಸಂತ. ನಮ್ಮಲ್ಲಿ ಕಪ್ಪೆ ವಟಗುಟ್ಟಿದರೆ ಯಾರಿಗೆ ವಸಂತ ನೆನಪಾಗುತ್ತೆ ಹೇಳಿ? ಮಳೆಗಾಲ ಅಲ್ವಾ! ಹಾಗಾಗಿ ನಮ್ಮದೇ ಪಟ್ಟಿ ಮಾಡ್ತಿದೀನಿ. ಹಪ್ಪಳ, ಮಾವಿನ ಮಿಡಿ, ಹಲಸಿನ ಮೇಣ ಎಲ್ಲಾ ಬೇಸಿಗೆಗೆ. ಹೊಸ ಪಠ್ಯಪುಸ್ತಕದ ವಾಸನೆ ಜೂನ್‌ಗೆ. ಚಳಿಗಾಲಕ್ಕೆ ಅವರೆಕಾಯಿ ಬಿಟ್ಟರೆ ಬೇರೇನೂ ಹೊಳೆದಿಲ್ಲ. ನಿಮಗೆ ಹೊಳೆದರೆ ಕಳಿಸಿ. ಅತ್ತೆ, ನೀವೂ.