ನೀಲಗಿರಿ ತೋಪಿಗೊಂದು ಗಾಳಿತಡೆ

8 ಫೆಬ್ರವರಿ 2025, ಶನಿವಾರ
ಸನ್ನಿವೇಲ್, ಕ್ಯಾಲಿಫೋರ್ನಿಯಾ

ಮೂರು ಸಲ ಕೈ ತೊಳೆದರೂ ಉಗುರಿನ ಸಂದಿಯ ಮಣ್ಣು ಹೋಗಿಲ್ಲ. ಸೊಂಟ ಬೇರೆ ಹಿಡಿದುಕೊಂಡಿದೆ. ಬೆಳಿಗ್ಗೆ ಪುಟ್ಟಿಯನ್ನು ಕಟ್ಟಿಕೊಂಡು ಬೆಟ್ಟ ದಾಟಿ ಸಾಂತಾ ಕ್ರೂಜ್ ಕಡೆ ಹೋಗಿದ್ದೆ. ಕಡಲ ದಂಡೆಯ ಒಂದು ತೋಪಿನಲ್ಲಿ ಗಿಡ ನೆಡುವ ಕೆಲಸ. ಮೊನಾರ್ಕ್ ಚಿಟ್ಟೆಗಳಿಗೋಸ್ಕರ.

ತೋಪು ಯಾವುದರದ್ದು ಗೊತ್ತಾ? ನೀಲಗಿರಿ! ಕಾರಿನ ಬಾಗಿಲು ತೆಗೆದ ಕೂಡಲೇ ಅದೇ ವಾಸನೆ. ನಾನು ಕೋಲಾರದ ಕಡೆಯವಳು. ನಮ್ಮಲ್ಲಿ ಬೋರ್‌ವೆಲ್ ಬತ್ತಿದರೆ ಮೊದಲು ಬೈಸಿಕೊಳ್ಳುವುದೇ ಈ ಮರ. 2017ರಲ್ಲಿ ಕರ್ನಾಟಕ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನೇ ನಿಲ್ಲಿಸಿತು. ಇಲ್ಲಿಗೂ ಅದು ಆಸ್ಟ್ರೇಲಿಯಾದಿಂದಲೇ ಬಂದದ್ದು, 1850ರ ದಶಕದಲ್ಲಿ. ಆದರೆ ಇಲ್ಲಿ ಅದನ್ನು ಕಡಿಯುವ ಮಾತೆತ್ತಿದರೆ ಚಿಟ್ಟೆ ಪ್ರಿಯರು ಜಗಳಕ್ಕೇ ಬರುತ್ತಾರೆ.

ಕಾರಣ ಇದೆ. ರಾಕಿ ಪರ್ವತಗಳ ಪೂರ್ವಕ್ಕಿರುವ ಮೊನಾರ್ಕ್‌ಗಳು ಚಳಿಗಾಲಕ್ಕೆ ಮೆಕ್ಸಿಕೋದ ಬೆಟ್ಟಗಳಿಗೆ ಹೋಗುತ್ತವೆ. ಪಶ್ಚಿಮದವು ಹೆಚ್ಚಾಗಿ ಈ ಕರಾವಳಿಗೆ. ಹಿಂದಿನ ಚಳಿಗಾಲದಲ್ಲಿ ಇಲ್ಲಿದ್ದ ಚಿಟ್ಟೆಗಳು ಯಾವತ್ತೋ ಸತ್ತಿರುತ್ತವೆ. ಈ ಸಲ ಬರುವುದು ಅವುಗಳ ಮರಿಮಕ್ಕಳು. ದಾರಿ ಹೇಳಿಕೊಡಲು ಯಾರೂ ಇಲ್ಲ, ಆದರೂ ಬಂದು ಸೇರುತ್ತವೆ. ಬಂದಮೇಲೆ ಮರದಲ್ಲಿ ಗೊಂಚಲು ಗೊಂಚಲಾಗಿ ನೇತಾಡುತ್ತವೆ. ರೆಕ್ಕೆ ಮುಚ್ಚಿದ್ದರೆ ಒಣಗಿದ ಎಲೆ ಅಂತಲೇ ಅನ್ನಿಸುತ್ತದೆ. ಬಿಸಿಲು ಬಿದ್ದು ತೆರೆದುಕೊಂಡಾಗಲೇ ಆ ಕಿತ್ತಳೆ ಬಣ್ಣ.

ಬೆಚ್ಚಗಿರಲು ಬರುತ್ತವೆ ಅಂದುಕೊಂಡಿದ್ದೆ. ಅದು ಅರ್ಧ ಮಾತ್ರ ನಿಜ. ಹೆಪ್ಪುಗಟ್ಟುವಷ್ಟು ಚಳಿ ಇರಬಾರದು, ಹಾಗಂತ ಸೆಖೆಯೂ ಆಗಬಾರದು. ಸೆಖೆಯಾದರೆ ಸುಮ್ನೆ ಹಾರಾಡಿ ಮೈಯಲ್ಲಿ ಕೂಡಿಟ್ಟ ಕೊಬ್ಬನ್ನು ಕರಗಿಸಿಕೊಳ್ಳುತ್ತವೆ. ಸುಮಾರು 13 ಡಿಗ್ರಿಗಿಂತ ತಣ್ಣಗಿದ್ದರೆ ಹಾರಲು ಆಗುವುದಿಲ್ಲ. ಆಗ ಜೋರು ಗಾಳಿ ಬೀಸಿ ಕೆಳಗೆ ಬಿದ್ದರೆ ಕಷ್ಟ. ಹಾಗಾಗಿ ಒಂದು ಮರ ಸಾಲದು, ತೋಪೇ ಬೇಕು. ನಡುವೆ ಚುಕ್ಕಿ ಬಿಸಿಲು, ಸುತ್ತ ಗಾಳಿತಡೆ, ಗಾಳಿಯಲ್ಲಿ ತೇವ, ಹತ್ತಿರದಲ್ಲೇ ನೀರು ಮತ್ತು ಹೂವು. ಅಂಚಿನ ನಾಲ್ಕು ಮರ ಬಿದ್ದರೂ ಸಾಕು, ಒಳಗಿನ ಹವೆಯೇ ಬದಲಾಗಿಬಿಡುತ್ತದೆ. ನಾವು ಹೋದ ತೋಪಿನ ಕಥೆಯೂ ಅದೇ. ಬರದಲ್ಲಿ ಕೆಲವು ಮರ ಒಣಗಿದವು, ಆಮೇಲಿನ ಮಳೆಗಾಳಿಗೆ ಕೆಲವು ಉರುಳಿದವು. ಕಡಲಿನ ಕಡೆ ದೊಡ್ಡ ಕಿಂಡಿ.

ಆ ಕಿಂಡಿ ಮುಚ್ಚಲು ಇವತ್ತು ನೆಟ್ಟದ್ದು ನೀಲಗಿರಿಯಲ್ಲ, ಇಲ್ಲಿನವೇ ಆದ ಮಾಂಟೆರೇ ಸೈಪ್ರೆಸ್ ಮತ್ತು ಮಾಂಟೆರೇ ಪೈನ್. ಎರಡೂ ಬಗೆಯ ಮರ ಇರುವ ತೋಪುಗಳಲ್ಲಿ ಚಿಟ್ಟೆಗಳಿಗೆ ನೀಲಗಿರಿಯೇ ಆಗಬೇಕು ಅಂತೇನಿಲ್ಲ ಎಂದು ಅಧ್ಯಯನವೂ ಹೇಳಿದೆ. ಆದರೆ ಸೈಪ್ರೆಸ್ ಗಾಳಿ ತಡೆಯುವಷ್ಟು ಎತ್ತರ ಆಗಲು ವರ್ಷಗಟ್ಟಲೆ ಬೇಕು. ಅಲ್ಲಿಯವರೆಗೆ ಹಳೇ ನೀಲಗಿರಿಯೇ ಗತಿ. ಪೆಸಿಫಿಕ್ ಗ್ರೋವ್‌ನಲ್ಲಿ ಅಷ್ಟು ದಿನ ಕಾಯಲಾಗದೆ ಕುಂಡದಲ್ಲಿ ಬೆಳೆಸಿದ ಮರಗಳನ್ನೇ ತಂದು ಸಾಲಾಗಿ ನಿಲ್ಲಿಸಿದ್ದರು. ಆ ಊರಿನವರೇ ಹಾಗೆ. 1990ರಲ್ಲಿ ಮತ ಹಾಕಿ, ತಮ್ಮ ಮೇಲೆ ತಾವೇ ತೆರಿಗೆ ಹೇರಿಕೊಂಡು ಚಿಟ್ಟೆ ತೋಪಿನ ಜಾಗ ಕೊಂಡವರು.

ನನ್ನ ಪೆದ್ದುತನವನ್ನೂ ಬರೆದುಬಿಡುತ್ತೇನೆ. ಮೊನಾರ್ಕ್‌ನ ಹುಳು ತಿನ್ನುವುದು ಮಿಲ್ಕ್‌ವೀಡ್ ಗಿಡವನ್ನು ಮಾತ್ರ. ನಮ್ಮ ಎಕ್ಕದ ಬಳಗದ್ದು, ಎಲೆ ಕಿತ್ತರೆ ಹಾಲು ಬರುತ್ತದೆ. ಕೆಂಪು-ಹಳದಿ ಹೂ ಬಿಟ್ಟ ಒಂದು ಗಿಡವನ್ನು ನರ್ಸರಿಯಿಂದ ಕೊಂಡು ಜಂಬದಿಂದ ಒಯ್ದಿದ್ದೆ. ಉಸ್ತುವಾರಿ ಅಜ್ಜಿ, ಎಪ್ಪತ್ತು ದಾಟಿದವರು, ನೋಡಿ ಮೆಲ್ಲಗೆ ನಕ್ಕರು. ಅದು ಉಷ್ಣವಲಯದ ಜಾತಿ, ಇಲ್ಲಿ ಚಳಿಗಾಲದಲ್ಲೂ ಹಸಿರಾಗೇ ಇರುತ್ತದಂತೆ. ಅದನ್ನು ಕಂಡರೆ ಚಿಟ್ಟೆಗಳು ವಿಶ್ರಾಂತಿ ಬಿಟ್ಟು ಮೊಟ್ಟೆ ಇಡಲು ಶುರುಮಾಡುತ್ತವೆ. ಎಲೆಯ ಮೇಲೆ ಪರಾವಲಂಬಿ ರೋಗಾಣುವೂ ಜಾಸ್ತಿಯಾಗುತ್ತದೆ. ಕಡಲ ಹತ್ತಿರದ ಈ ತೋಪುಗಳ ಬಳಿ ಯಾವ ಮಿಲ್ಕ್‌ವೀಡನ್ನೂ ನೆಡಬೇಡಿ, ಹೂವಿನ ಪೊದೆ ನೆಡಿ ಅಂದರು. ಗಿಡ ಡಿಕ್ಕಿಗೆ ವಾಪಸ್. ಅವರೇ ಕೊಟ್ಟ ಕಾಯೋಟಿ ಬ್ರಷ್ ಪೊದೆ ನೆಟ್ಟೆವು. ನೋಡಲು ಏನೂ ಚಂದವಿಲ್ಲ. ಆದರೆ ಶರತ್ಕಾಲದಲ್ಲಿ ಹಸಿದು ಬರುವ ಚಿಟ್ಟೆಗೆ ಆಗ ಅದರಲ್ಲೇ ಹೂ.

ಗಿಡ ನೆಡುವುದೆಂದರೆ ಗುಂಡಿ ತೋಡಿ ಇಟ್ಟರಾಯಿತು ಅಂದುಕೊಂಡಿದ್ದೆ. ಇಲ್ಲಿ ಗೋಫರ್ ಅಂತ ಹೆಗ್ಗಣದಂಥದ್ದೊಂದಿದೆ, ನೆಲದೊಳಗಿಂದಲೇ ಬೇರು ಕತ್ತರಿಸುತ್ತದೆ. ಅದಕ್ಕೆ ಪ್ರತಿ ಗುಂಡಿಗೂ ತಂತಿ ಬಲೆಯ ಬುಟ್ಟಿ. ಪುಟ್ಟಿ ಬುಟ್ಟಿ ಬಗ್ಗಿಸುವುದರಲ್ಲಿ ನನಗಿಂತ ಚುರುಕು.

ನಡುವೆ ಅವಳು ಕೇಳಿದಳು, "ಅಮ್ಮಾ, ಚಿಟ್ಟೆ ಎಲ್ಲಿ?"

ಒಂದೂ ಇರಲಿಲ್ಲ. ಈ ಚಳಿಗಾಲ ಈ ತೋಪಿಗೆ ಬಂದೇ ಇಲ್ಲವಂತೆ. ಪ್ರತಿ ವರ್ಷ ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹೊತ್ತಿಗೆ ಸ್ವಯಂಸೇವಕರು ಮುಂಜಾನೆ, ಚಿಟ್ಟೆಗಳು ಏಳುವ ಮೊದಲೇ, ಇಂಥ ತೋಪುಗಳಲ್ಲಿ ಎಣಿಕೆ ಮಾಡುತ್ತಾರೆ. 1997ರಿಂದ ನಡೆದುಬಂದಿದೆ. ಒಂದು ಗೊಂಚಲಿನ ಸ್ವಲ್ಪ ಭಾಗ ಎಣಿಸಿ ಉಳಿದದ್ದನ್ನು ಅಂದಾಜು ಮಾಡುವುದು. 2023ರಲ್ಲಿ ಒಟ್ಟು 2.33 ಲಕ್ಷ ಸಿಕ್ಕಿತ್ತು. ಈ ಸಲದ ಲೆಕ್ಕ ಮೊನ್ನೆ ಬಂತು: 9,119. ಇಡೀ ಪಶ್ಚಿಮ ಭಾಗಕ್ಕೆ! 2020ರಲ್ಲಿ ಇನ್ನೂ ಕೆಟ್ಟಿತ್ತು, 2,000ಕ್ಕೂ ಕಡಿಮೆ. ಮರು ವರ್ಷವೇ ಎರಡು ಲಕ್ಷ ದಾಟಿತು. ಹಾಗಾಗಿ ಅಜ್ಜಿ ಈ ಸಂಖ್ಯೆಗೆ ಅಷ್ಟು ಹೆದರಿದಂತೆ ಕಾಣಲಿಲ್ಲ. ನಾನು ಹೆದರಿದೆ. 1980ರ ದಶಕದಲ್ಲಿ ಇವು ಹತ್ತಾರು ಲಕ್ಷ ಇದ್ದವಂತೆ. ಕಾಡುಮಿಲ್ಕ್‌ವೀಡ್ ನಾಶ, ಕೀಟನಾಶಕ, ಬಿಸಿಲು ಎಲ್ಲಾ ಸೇರಿ ಹೊಡೆದಿರುವಾಗ ನಮ್ಮ ನಲವತ್ತು ಸೈಪ್ರೆಸ್ ಯಾವ ಮೂಲೆಗೆ? ಪುಟ್ಟಿಗೆ ಮಾತ್ರ "ಅವು ಬರುವ ಮೊದಲು ಮನೆ ರಿಪೇರಿ ಆಗಬೇಕಲ್ವಾ" ಅಂದೆ. ಒಪ್ಪಿಕೊಂಡಳು.

ಸಂಜೆ ಅಮ್ಮನಿಗೆ ಫೋನ್ ಮಾಡಿದೆ. ಅಲ್ಲಿ ಆಗಲೇ ಭಾನುವಾರದ ಬೆಳಿಗ್ಗೆ. ವಿಷಯ ಕೇಳಿ, "ಅಯ್ಯೋ, ಆ ದರಿದ್ರ ಮರ ಉಳಿಸೋಕೆ ಅಷ್ಟು ದೂರ ಹೋಗಿದ್ದೇನೇ?" ಅಂದಳು. ನಮ್ಮ ಹೊಲದಲ್ಲಿದ್ದ ನೀಲಗಿರಿ ಬೇರು ಕೀಳಿಸಲು ಜೆಸಿಬಿಗೆ ಕೊಟ್ಟ ದುಡ್ಡಿನ ಲೆಕ್ಕ ಅವಳಿಗಿನ್ನೂ ಬಾಯಿಪಾಠ.

ಬೇಸಿಗೆಯಲ್ಲಿ ಇಲ್ಲಿ ಮಳೆ ಇಲ್ಲ. ಮೊದಲ ಎರಡು ಮೂರು ವರ್ಷ ಸಸಿಗಳಿಗೆ ಕೈಯಾರೆ ನೀರು ಹೊರಬೇಕು. ಸರದಿ ಪಟ್ಟಿಯಲ್ಲಿ ನಮ್ಮ ಹೆಸರು ಜೂನ್ ಎರಡನೇ ಶನಿವಾರಕ್ಕೆ ಬರೆದು ಬಂದಿದ್ದೇನೆ. ಆ ಹೊತ್ತಿಗೆ ಅಮ್ಮ ಇಲ್ಲೇ ಇರುತ್ತಾಳೆ. ಅವಳಿಗಿನ್ನೂ ಹೇಳಿಲ್ಲ.