ಕಾರಿನ ಕಣ್ಣಿಗೂ ಪೊರೆ

ಡಿಸೆಂಬರಿನ ಎರಡನೇ ವಾರ. ಅತ್ತೆಯ ಕಣ್ಣಿನ ಪೊರೆ ತೆಗೆಸಲು ಒಂಬತ್ತು ಗಂಟೆಗೆ ಮೈಸೂರಿನ ಆಸ್ಪತ್ರೆಯಲ್ಲಿರಬೇಕಿತ್ತು. ಬೆಳಗ್ಗೆ ಐದಕ್ಕೆ ಮಡಿಕೇರಿ ಹತ್ತಿರದ ನಮ್ಮೂರು ಮಕ್ಕಂದೂರು ಬಿಡುವುದೆಂದು ರಾತ್ರಿ ಎಲೆಕ್ಟ್ರಿಕ್ ಕಾರನ್ನು ಚಾರ್ಜಿಗೆ ಹಾಕಿ ಮಲಗಿದ್ದೆ. ನಡುರಾತ್ರಿ ಯಾವಾಗಲೋ ಕರೆಂಟ್ ಹೋಗಿದೆ. ಎದ್ದು ನೋಡಿದರೆ ಬರೀ 68 ಪರ್ಸೆಂಟ್.

ಮೈಸೂರಿಗೆ ಹೆಚ್ಚುಕಡಿಮೆ 130 ಕಿಲೋಮೀಟರ್. ಲೆಕ್ಕಕ್ಕೆ ಸಾಕು, ನನ್ನ ಧೈರ್ಯಕ್ಕೆ ಸಾಲದು. ಎಸಿ ಹಾಕುವುದೇ ಬೇಡ ಎಂದುಕೊಂಡೆ. ಚಳಿಗಾಳಿ ಒಳಗೆ ಬಾರದಿರಲಿ ಎಂದು ಒಳಗಿನ ಗಾಳಿಯೇ ಸುತ್ತುವ ಬಟನ್ ಒತ್ತಿದೆ. ಹಿಂದಿನ ಸೀಟಿನಲ್ಲಿ ಅಮ್ಮ, ಅತ್ತೆ. ಡಿಕ್ಕಿಯಲ್ಲಿ ಮೈಸೂರಿನ ನೆಂಟರಿಗೆಂದು ಅಮ್ಮ ತುಂಬಿಸಿದ ಗೋಣಿಚೀಲ: ಇಬ್ಬನಿ ಆರದ ಸೊಪ್ಪು, ಎರಡು ಬಾಳೆಗೊನೆ. ನನ್ನದರಂಥ ಸಣ್ಣ ಕಾರಿನಲ್ಲಿ ಡಿಕ್ಕಿ ಬೇರೆ, ಒಳಗು ಬೇರೆ ಅಂತೇನಿಲ್ಲ. ಆ ಚೀಲದ ತೇವವೂ ನಮ್ಮ ಜೊತೆಗೇ ಕೂತಿತ್ತು.

ಗಾಜಿನ ಹೊರಗಿನ ಇಬ್ಬನಿಯನ್ನು ವೈಪರ್ ಒಂದೇ ಸಲಕ್ಕೆ ಒರೆಸಿ ಹಾಕಿತು. ಮಡಿಕೇರಿ ದಾಟಿ ಬೋಯಿಕೇರಿ ಬರುವಷ್ಟರಲ್ಲಿ ಗಾಜಿಗೆ ಒಳಗಿನಿಂದ ಮಂಜು ಕಟ್ಟಲು ಶುರುವಾಯಿತು. ಮೊದಲು ಅಂಚಿನಲ್ಲಿ ಬೆಳ್ಳಗೆ, ಆಮೇಲೆ ಸ್ಟೀರಿಂಗಿನ ಎದುರಿಗೇ. ಬೆರಳಾಡಿಸಿದರೆ ಗೆರೆ ಮೂಡಿ, ಗೆರೆಯ ತುದಿಯಿಂದ ಹನಿ ಇಳಿಯಿತು. ಟವೆಲಿನಲ್ಲಿ ಒರೆಸಿದೆ. ಜಿಡ್ಡು ಹರಡಿ ಇನ್ನೂ ಕೆಟ್ಟಿತು. ಎದುರಿಂದ ಬಂದ ಲಾರಿಯ ಬೆಳಕು ಇಡೀ ಗಾಜಿಗೆ ಹಬ್ಬಿ, ರಸ್ತೆ ಎಲ್ಲಿ, ಚರಂಡಿ ಎಲ್ಲಿ ಒಂದೂ ಗೊತ್ತಾಗಲಿಲ್ಲ. ಎಡಕ್ಕೆಳೆದು ನಿಲ್ಲಿಸಿದೆ.

"ಎಂತ ಮಗಾ, ನನ್ನ ಕಣ್ಣಿನ ಪೊರೆ ನಿನ್ನ ಕಾರಿಗೂ ಬಂತಾ?" ಅಂದರು ಅತ್ತೆ.

"ಅಪ್ಪನ ಜೀಪಿನಲ್ಲಿ ಹೀಗೆಲ್ಲ ಆಗ್ತಿರಲಿಲ್ಲಪ್ಪ" ಅಂತ ಅಮ್ಮ.

ಆಗುವುದೆಲ್ಲಿಂದ? ಅದರ ಟಾರ್ಪಾಲಿನ ಸಂದಿಯಿಂದ ಊರಿನ ಗಾಳಿಯೆಲ್ಲ ಒಳಗೇ ಬರುತ್ತಿತ್ತು. ಮಳೆಗಾಲದಲ್ಲಿ ಹೊರಗಾಜಿಗೆ ಬೀಡಿಯ ಹೊಗೆಸೊಪ್ಪು ಉಜ್ಜಿದರೆ ಅಪ್ಪನ ಕೆಲಸ ಮುಗಿಯುತ್ತಿತ್ತು. ನನ್ನ ಹಳೆಯ ಪೆಟ್ರೋಲ್ ಕಾರಿನಲ್ಲೂ ಇದು ತಲೆನೋವೇ ಆಗಿರಲಿಲ್ಲ. ಇಂಜಿನ್ ಹೇಗೂ ಕಾಯುತ್ತದೆ, ಅದರ ಬಿಸಿನೀರಿನಿಂದಲೇ ಬೆಚ್ಚನೆ ಗಾಳಿ, ಪುಕ್ಕಟೆ. ಇದರಲ್ಲಿ ಹಾಗೆ ಕಾಯುವ ಇಂಜಿನ್ನೇ ಇಲ್ಲ. ಬಿಸಿ ಬೇಕೆಂದರೆ ಬ್ಯಾಟರಿಯಿಂದಲೇ ಕೊಡಬೇಕು. ಕರೆಂಟ್ ಇದ್ದಿದ್ದರೆ ಹೊರಡುವ ಮೊದಲೇ, ವೈರ್ ಚುಚ್ಚಿರುವಾಗಲೇ, ಮನೆಯ ಕರೆಂಟಿನಲ್ಲಿ ಒಳಗೆಲ್ಲ ಬೆಚ್ಚಗೆ ಮಾಡಿಕೊಳ್ಳಬಹುದಿತ್ತು. ಅದೂ ತಪ್ಪಿತ್ತು.

ಕೊನೆಗೆ ಮಂಜು ಬಿಡಿಸುವ, ಗಾಜಿನ ಚಿತ್ರವಿರುವ ಆ ಬಟನ್ ಒತ್ತಿದೆ. ಫ್ಯಾನ್ ಒಮ್ಮೆಲೇ ಭೋರ್ ಎಂದಿತು, ಹೊರಗಿನ ಗಾಳಿಯ ದಾರಿ ತೆರೆಯಿತು, ಎಸಿಯ ದೀಪವೂ ಹತ್ತಿತು. ಚಳಿಯಲ್ಲಿ ಎಸಿ ಯಾಕೆ ಎಂದು ಅಮ್ಮ ಬೈದರು. ಗಾಳಿಯ ಪಸೆ ಹಿಂಡುವುದು ಎಸಿಯೇ. ಹೀಟರ್ ಆ ಒಣಗಾಳಿಯನ್ನು ಬೆಚ್ಚಗೆ ಮಾಡಿ ಗಾಜಿಗೆ ಬಿಡುತ್ತದೆ. ಇದನ್ನು ಅಮ್ಮನಿಗೆ ಹೇಳಿ ಮುಗಿಸುವ ಮೊದಲೇ ಗಾಜಿನ ಬುಡದಲ್ಲಿ ಎರಡು ಅರ್ಧಚಂದ್ರ ಮೂಡಿ, ಬೆಳೆದು, ಒಂದಕ್ಕೊಂದು ಸೇರಿಕೊಂಡವು. ಮೂರು ನಿಮಿಷವೂ ಆಗಿರಲಿಕ್ಕಿಲ್ಲ.

ಅಲ್ಲಿಂದ ಮತ್ತೆ ಹೊರಡುವ ಮುಂಚೆ ಲೆಕ್ಕ ಹಾಕಿದೆ. ಎಸಿ, ಹೀಟರ್ ಸೇರಿ ಮೂರು ಕಿಲೋವ್ಯಾಟ್ ಎಳೆದರೂ ಹತ್ತು ನಿಮಿಷಕ್ಕೆ ಅರ್ಧ ಯೂನಿಟ್. ನನ್ನದು 30 ಯೂನಿಟ್ಟಿನ ಬ್ಯಾಟರಿ. ಎರಡು ಪರ್ಸೆಂಟೂ ಇಲ್ಲ! ಇಷ್ಟಕ್ಕೆ ಜಿಪುಣತನ ಮಾಡಿ ಇಬ್ಬರು ಹೆಂಗಸರನ್ನು ಚರಂಡಿಗೆ ಹಾಕುವುದರಲ್ಲಿದ್ದೆ. ಅದೂ ಸುಂಟಿಕೊಪ್ಪದವರೆಗೆ ಬಹುಪಾಲು ಇಳಿಜಾರು, ಇಳಿಯುವಾಗ ಬ್ಯಾಟರಿಗೆ ಅಷ್ಟಿಷ್ಟು ವಾಪಸ್ ಬರುವ ರಸ್ತೆಯಲ್ಲಿ.

ಆನೆಕಾಡಿಗೆ ಬರುವಾಗ ಬೆಳಕು ಹರಿಯುತ್ತಿತ್ತು. ಆನೆ ದಾಟುವ ಜಾಗ ಅದು, ಗಾಜು ತಿಳಿಯಾಗಿದ್ದದ್ದೇ ಪುಣ್ಯ. ಮೈಸೂರು ಮುಟ್ಟಿದಾಗ 21 ಪರ್ಸೆಂಟ್ ಉಳಿದಿತ್ತು.

ಸಂಜೆ ಊರಿಗೆ ಹೊರಟಾಗ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡಿದ್ದ ಅತ್ತೆ, ಮುಂದಿನ ಸೀಟಿನಲ್ಲಿ ಕೂತು ಉಳಿದೊಂದು ಕಣ್ಣಲ್ಲಿ ಗಾಜನ್ನೇ ಕಾಯುತ್ತಿದ್ದರು. "ಅಂಚಿನಲ್ಲಿ ಬೆಳ್ಳಗಾಗ್ತಾ ಉಂಟು ನೋಡು. ಒತ್ತು, ಒತ್ತು."