ಮೇರಿ ಸ್ಯೂ ಅಂದ್ರೆ ಬೈಗುಳವಾ?

ಫ್ಯಾನ್ ಫಿಕ್ಷನ್, ಅಂದರೆ ಮೆಚ್ಚಿನ ಧಾರಾವಾಹಿ, ಪುಸ್ತಕಗಳ ಪಾತ್ರಗಳ ಬಗ್ಗೆ ಅಭಿಮಾನಿಗಳೇ ಬರೆಯುವ ಕತೆ, ಓದೋಕೆ ಹೊಸದಾಗಿ ಶುರು ಮಾಡಿದವರು ನನ್ನನ್ನು ಜಾಸ್ತಿ ಕೇಳುವುದು ಇದನ್ನೇ: ‘ಈ ಮೇರಿ ಸ್ಯೂ ಯಾರು? ಹಾಗಂದರೆ ಬೈದ ಹಾಗಾ?’

ಮೊದಲು ಅದು ಒಂದು ಹುಡುಗಿಯ ಹೆಸರು, ಅಷ್ಟೇ. 1973ರಲ್ಲಿ ಪೌಲಾ ಸ್ಮಿತ್ ಎಂಬ ಅಭಿಮಾನಿ ಬಾಹ್ಯಾಕಾಶ ನೌಕೆಯೊಂದರ ಟಿವಿ ಸರಣಿ ‘ಸ್ಟಾರ್ ಟ್ರೆಕ್’ನ ಪಾತ್ರಗಳನ್ನಿಟ್ಟುಕೊಂಡು ಪುಟ್ಟದೊಂದು ಅಣಕುಗತೆ ಬರೆದರು. ಅದರ ನಾಯಕಿ ಲೆಫ್ಟಿನೆಂಟ್ ಮೇರಿ ಸ್ಯೂ. ವಯಸ್ಸು ಹದಿನೈದೂವರೆ. ಕ್ಯಾಪ್ಟನ್ ಕರ್ಕ್ ಅವಳನ್ನು ಕಂಡ ಕೂಡಲೇ ಮನಸೋಲುತ್ತಾನೆ. ಉಳಿದವರು ಕಾಯಿಲೆ ಬಿದ್ದಾಗ ಇಡೀ ನೌಕೆಯನ್ನು ಅವಳೇ ನಡೆಸುತ್ತಾಳೆ, ಅದಕ್ಕೆ ನೊಬೆಲ್ ಶಾಂತಿ ಪ್ರಶಸ್ತಿಯೂ ಬರುತ್ತದೆ! ಕೊನೆಗೆ ಅವಳೂ ಕಾಯಿಲೆಯಿಂದ ಸಾಯುತ್ತಾಳೆ. ಕರ್ಕ್, ಭಾವನೆಗಳನ್ನೇ ತೋರಿಸದ ಸ್ಪಾಕ್, ಎಲ್ಲರೂ ಸುತ್ತ ನಿಂತು ಅಳುತ್ತಾರೆ. ಅವಳ ಹುಟ್ಟುಹಬ್ಬಕ್ಕೆ ನೌಕೆಯಲ್ಲಿ ಇಂದಿಗೂ ರಜೆಯಂತೆ.

ಬರೆದವರೇ ನಾಯಕಿಯ ವೇಷದಲ್ಲಿ ಬರುವ ಇಂಥ ಕತೆಗಳು ಆಗ ಅಭಿಮಾನಿ ಪತ್ರಿಕೆಗಳಿಗೆ ರಾಶಿ ರಾಶಿ ಬರುತ್ತಿದ್ದವು. ಸ್ಮಿತ್ ಗೇಲಿ ಮಾಡಿದ್ದು ಆ ಅಚ್ಚನ್ನು. ಆದರೆ ಹೆಸರು ಕತೆಯಿಂದ ಕಳಚಿಕೊಂಡು ಊರೂರು ಸುತ್ತಿತು. ಬರಬರುತ್ತಾ ಜಾಣೆಯಾದ, ಗೆಲ್ಲುವ ಯಾವ ಹುಡುಗಿ ಬಂದರೂ ‘ಮೇರಿ ಸ್ಯೂ’ ಅನ್ನುವಂತಾಯಿತು. ಗಂಡು ಪಾತ್ರಕ್ಕೂ ‘ಗ್ಯಾರಿ ಸ್ಟೂ’ ಅಂತ ಪದ ಇದೆ, ಆದರೆ ಅದನ್ನು ಎಷ್ಟು ಜನ ಬಳಸುತ್ತಾರೆ ಹೇಳಿ? ಈ ಹಣೆಪಟ್ಟಿಗೆ ಹೆದರಿ ಹೆಣ್ಣು ಪಾತ್ರಗಳನ್ನೇ ಬಿಟ್ಟುಬಿಟ್ಟ ಲೇಖಕಿಯರ ಬಗ್ಗೆ ಕ್ಯಾಮಿಲ್ ಬೇಕನ್-ಸ್ಮಿತ್ 1992ರ ತಮ್ಮ ಅಧ್ಯಯನದಲ್ಲಿ ಬರೆದಿದ್ದಾರೆ. ಅದನ್ನು ಓದಿದಾಗ ನನಗೆ ನಿಜಕ್ಕೂ ಸಂಕಟವಾಯಿತು.

ಫ್ಯಾನ್ ಫಿಕ್ಷನ್‌ನ ಎಲ್ಲ ಪದಗಳಿಗೂ ಈ ಗತಿ ಬಂದಿಲ್ಲ. ‘ಸ್ಲ್ಯಾಶ್’ ಹುಟ್ಟಿದ್ದು ಕರ್ಕ್, ಸ್ಪಾಕ್ ಹೆಸರುಗಳ ನಡುವಿನ ಓರೆಗೆರೆಯಿಂದ. ಇಬ್ಬರು ಗಂಡಸರ ಪ್ರೇಮಕತೆಗೆ ಅದೇ ಹೆಸರಾಯಿತು. ‘ಶಿಪ್’ ಹಡಗಲ್ಲ, ರಿಲೇಶನ್‌ಶಿಪ್‌ನ ಬಾಲ. ಎರಡು ಪಾತ್ರಗಳು ಜೋಡಿಯಾಗಲಿ ಅಂತ ಬಯಸುವುದಕ್ಕೆ ಈ ಪದ, 1990ರ ದಶಕದ ‘ಎಕ್ಸ್ ಫೈಲ್ಸ್’ ಟಿವಿ ಸರಣಿಯ ಅಭಿಮಾನಿಗಳಿಂದ ಬಂದದ್ದು. ಈಗ ಸುಮ್ನೆ ‘ಅವರಿಬ್ಬರನ್ನು ಶಿಪ್ ಮಾಡ್ತೀನಿ’ ಅಂದರೆ ಸಾಕು, ಎಲ್ಲರಿಗೂ ಅರ್ಥವಾಗುತ್ತದೆ.

ಹಾಗಾದರೆ ಮೇರಿ ಸ್ಯೂ ಬೈಗುಳವಾ? ಈಗ ಹೌದು, ಹೆಚ್ಚಿನ ಸಲ. ಹುಡುಗಿಯೊಬ್ಬಳು ಮೊದಲ ಕತೆಯಲ್ಲಿ ತನ್ನನ್ನೇ ನಾಯಕಿ ಮಾಡಿಕೊಳ್ಳುವುದು ಸಹಜ ಅಲ್ವಾ? ಅದಕ್ಕೇ ನಾನು ಆ ಪದ ಬಳಸುವುದಿಲ್ಲ. ನಾಯಕಿ ಬಂದ ಕೂಡಲೇ ಸ್ಪಾಕ್ ತನ್ನ ಸ್ವಭಾವ ಮರೆತು ಕಣ್ಣೀರಿಟ್ಟರೆ, ‘ಈ ಸಾಲಿನಲ್ಲಿ ಸ್ಪಾಕ್ ಸ್ಪಾಕ್ ಆಗಿ ಉಳಿದಿಲ್ಲ’ ಅಂತ ಆ ಸಾಲನ್ನೇ ತೋರಿಸಿ ಹೇಳುತ್ತೇನೆ. ನಾಯಕಿ ಅಲ್ಲೇ ಇರಲಿ.